ಪರದೇಶದ ಮಾಲು, ಊರಿನ ಅಂಗಡಿ

ಗದ್ವಾಲದ ಸೀರೆಯನ್ನು ಕೊಳ್ಳುವ ನಮ್ಮ ಹೆಣ್ಣುಮಕ್ಕಳು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡುವ ಕಡೆ ಬೆರಳಾಡಿಸಿ, ಮಾಲಿನ ನಿಜಸುಳ್ಳನ್ನು ಅಲ್ಲಿಯೇ ತೀರ್ಮಾನಿಸಿಬಿಡುವರು. ಮಗನ ವ್ಯಾಸಂಗಕ್ಕೆಂದು ಮೊಬೈಲು ಕೊಳ್ಳುವ ತಂದೆಗೆ ಇಂತಹ ಒರೆಗಲ್ಲಿಲ್ಲ. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಪೋಷಕರು ಊರಿನಲ್ಲಿಯೋ ರಾಯಚೂರಿಗೆ ಹೋಗಿಯೋ, "ಫಾರಿನ್ ಮಾಲು, ಎರಡು ಸಾವಿರ ಕಡಿಮೆ" ಎಂಬ ಮಾತಿಗೆ ಒಪ್ಪಿ ಕೊಂಡು ತರುವುದುಂಟು. ಅದು ಕೆಟ್ಟು, ಕಂಪೆನಿಯ ರಿಪೇರಿ ಕೇಂದ್ರದವರು "ಇದು ನಮ್ಮ ಮೂಲಕ ಬಂದುದಲ್ಲ" ಎಂದು ಹಿಂದಿರುಗಿಸಿದಾಗಲೇ ಆ ಎರಡು ಸಾವಿರದ ಅರ್ಥ ತಿಳಿಯುವುದು.

ಇಂತಹ ಮಾಲೆಲ್ಲ ನಕಲಿಯೆಂದು ತಿಳಿಯಬಾರದು. ಮೂಲ ಕಂಪೆನಿಯೇ ತಯಾರಿಸಿದ ಸಾಮಾನನ್ನು, ಅದರ ಅಧಿಕೃತ ಪ್ರತಿನಿಧಿಯಲ್ಲದ ಬೇರೊಬ್ಬ ವರ್ತಕನು ಅಗ್ಗವಿದ್ದ ದೇಶದಲ್ಲಿ ಕೊಂಡು ತಂದಿರಬಹುದು. ಸುಂಕ ಕಟ್ಟದೆ ತಂದರೆ ಅದು ಕಳ್ಳಸಾಗಣೆ. ಕಟ್ಟಿ ತಂದರೆ ವಿಷಯ ಬೇರೆ. ಸ್ಯಾಮ್ಸಂಗ್ ಕಂಪೆನಿಯ ಮುದ್ರಣಯಂತ್ರಗಳನ್ನು ಹೀಗೆ ತರಿಸಿದ ವರ್ತಕರ ಮೊಕದ್ದಮೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2012ನೆಯ ಅಕ್ಟೋಬರಿನಲ್ಲಿ ಮಾರಾಟಕ್ಕೆ ಅನುಮತಿಯಿತ್ತಿತು. ಆದರೆ ಮಾಲು ಹೊರದೇಶದಿಂದ ತರಿಸಿದ್ದು, ಕಂಪೆನಿಯ ವಾರಂಟಿಯಾಗಲಿ ದುರಸ್ತಿಯಾಗಲಿ ಇದಕ್ಕಿಲ್ಲ, ಅವೆರಡೂ ತಮ್ಮದೇ ಹೊಣೆ ಎಂದು ಅಂಗಡಿಯಲ್ಲಿ ಎದ್ದುಕಾಣುವಂತೆ ಬರೆದು ಹಾಕತಕ್ಕದ್ದೆಂದು ವರ್ತಕರಿಗೆ ವಿಧಿಸಿತು. ನಮ್ಮ ಬಜಾರಿನಲ್ಲಿ ಇಂತಹ ಫಲಕವನ್ನು ನಾವಂತೂ ಕಂಡಿಲ್ಲ!

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಇನ್ನೂ ಮುಂದೆ ಹೋಗಿದೆ. ರಸೀತಿ ಕೊಡದಿರುವುದೂ ಅದರಂತೆ ಅನುಚಿತ ವ್ಯಾಪಾರ ಪದ್ಧತಿಯೇ. ದೋಷಯುಕ್ತ ಬ್ಯಾಟರಿ ಸಿಡಿದು ಮಗುವಿನ ಕೈ ಸುಟ್ಟಿತೆನ್ನಿ. ತಯಾರಕನು ಯಾರೆಂದು ತಿಳಿಯದಿದ್ದರೆ, ಇಲ್ಲವೆ ನಮ್ಮ ದೇಶದ ಕಾನೂನಿಗೆ ಸಿಕ್ಕದವನಾಗಿದ್ದರೆ, ಮಾರಿದ ಅಂಗಡಿಕಾರನೇ ಉತ್ತರ ಹೇಳಬೇಕಾಗುವುದು. ಆಮದು ಮಾಡಿದ ಪೊಟ್ಟಣದ ಮೇಲೆ ತರಿಸಿದವನ ಹೆಸರು ವಿಳಾಸ, ತಯಾರಾದ ದೇಶ, ತೆರಿಗೆಯೂ ಸೇರಿದ ಗರಿಷ್ಠ ಬೆಲೆ ಇವೆಲ್ಲ ಅಚ್ಚಾಗಿರಬೇಕೆಂಬುದು 2011ರ ತೂಕ ಅಳತೆಯ ನಿಯಮಗಳ ಕಟ್ಟಳೆ. ಹಣ ಎಣಿಸುವ ಮುನ್ನ ಪೆಟ್ಟಿಗೆಯನ್ನು ತಿರುವಿ ನೋಡಲು ಅರ್ಧ ನಿಮಿಷ ಸಾಕು.

"ರಸೀತಿ ಬೇಕಾದರೆ ತೆರಿಗೆ ಬೇರೆ" ಎಂದು ಅಂಗಡಿಕಾರನು ಹೇಳುವುದು ವಾಡಿಕೆ. ಅಲ್ಲಿಯೇ ವ್ಯವಹಾರ ನಿಲ್ಲಿಸುವುದು ಲೇಸು. ರಸೀತಿಯಿಲ್ಲದ ದೂರನ್ನು ಸಾಧಿಸುವುದು ಬಹಳ ಕಷ್ಟ. ರಸೀತಿಯಿದ್ದವರು ಮೊದಲು 1915 ಸಂಖ್ಯೆಗೆ ಫೋನು ಮಾಡಬಹುದು. ಅದರಿಂದ ಫಲ ದೊರೆಯದಿದ್ದರೆ ಎರಡು ವರ್ಷಗಳೊಳಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಮಾಲನ್ನು ರಾಯಚೂರಿನಲ್ಲಿ ಕೊಂಡಿದ್ದರೂ ಮಕ್ತಲದವರು ಅಲ್ಲಿಗೆ ಅಲೆಯಬೇಕಾಗಿಲ್ಲ. ತಾವು ವಾಸಿಸುವ ಜಿಲ್ಲೆಯ ಮೇಲೆ ಅಧಿಕಾರವುಳ್ಳ ಆಯೋಗದಲ್ಲಿಯೇ ದೂರು ಕೊಡಲು ಈಗಿನ ಕಾಯಿದೆಯು ಅವಕಾಶವಿತ್ತಿದೆ.