ಅಂಗಡಿಗೆ ಬೇಡವಾದ ಹ್ಯಾಮ್‌ಸ್ಟರ್‌ಗಳಿಗೂ ಒಂದು ಮನೆ

ಒಂದು ಸಂಜೆ ಮಗ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ವಿಜಯನಗರದ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದ. ಒಳಗೆ ಮೂರು ಹ್ಯಾಮ್‌ಸ್ಟರ್‌ಗಳು. "ಇವಕ್ಕೆ ವಯಸ್ಸಾಯಿತು, ಇನ್ನು ಮರಿ ಹಾಕುವುದಿಲ್ಲ, ಕೊಳ್ಳುವವರೂ ಇಲ್ಲ. ಬೇಕಿದ್ದರೆ ಪುಕ್ಕಟೆ ಒಯ್ಯಿ" ಎಂದು ಅಂಗಡಿಯವರು ಕೊಟ್ಟಿದ್ದರಂತೆ. "ಅಮ್ಮಿ, ಇಟ್ಟುಕೊಳ್ಳೋಣವೇ?" ಎಂದು ಅವನು ಕೇಳುವಷ್ಟರಲ್ಲೇ ಅತ್ತೆಯವರು, "ಇಲಿ ಓಡಿಸಲು ನಾವು ಹಣ ಕೊಡುತ್ತೇವೆ, ನೀನು ಮನೆಗೇ ತಂದೆಯಾ?" ಎಂದರು.

ಪೆಟ್ಟಿಗೆಯೊಳಗೆ ಆಗಲೇ ಜಗಳ ನಡೆದಿತ್ತು. ಒಂದರ ಕಿವಿಯಲ್ಲಿ ರಕ್ತ. ಸಾಕುವವರಲ್ಲಿ ಹೆಚ್ಚಾಗಿ ಕಾಣುವ ಸಿರಿಯನ್ ಹ್ಯಾಮ್‌ಸ್ಟರ್ ಬೆಳೆದ ಮೇಲೆ ಒಂಟಿಯಾಗಿಯೇ ಇರಬೇಕಾದ ಪ್ರಾಣಿ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ರಾತ್ರಿ ಅವುಗಳನ್ನು ಮೂರು ಬಕೆಟ್‌ಗಳಲ್ಲಿ ಬೇರೆ ಬೇರೆ ಇಟ್ಟೆವು.

"ಪಾರ್ಕಿನಲ್ಲಿ ಬಿಟ್ಟುಬಿಡಿ, ಬದುಕಿಕೊಳ್ಳುತ್ತವೆ" ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ನನಗೆ ನೆನಪಾದದ್ದು ಪ್ರವಾದಿ(ಸ)ರು ಹೇಳಿದ, ಬೆಕ್ಕನ್ನು ಕಟ್ಟಿಹಾಕಿದ ಆ ಹೆಣ್ಣಿನ ಕಥೆ. ತಾನೂ ಉಣಿಸಲಿಲ್ಲ, ನೆಲದ ಮೇಲಿನದನ್ನು ತಾನೇ ತಿಂದುಕೊಳ್ಳಲೂ ಬಿಡಲಿಲ್ಲ. ಆದರೆ ಬೆಕ್ಕು ಬಿಟ್ಟರೆ ಬದುಕುತ್ತದೆ. ಇವು ಬದುಕುವುದಿಲ್ಲ. 1930ರಲ್ಲಿ ಸಿರಿಯಾದ ಅಲೆಪ್ಪೋ ಬಳಿಯ ಹೊಲದ ಬಿಲವೊಂದರಿಂದ ಅಗೆದು ತೆಗೆದ ತಾಯಿ-ಮರಿಗಳ ಸಂತತಿಯೇ ಇಂದು ಮನೆಗಳಲ್ಲಿರುವ ಬಹುಪಾಲು ಸಿರಿಯನ್ ಹ್ಯಾಮ್‌ಸ್ಟರ್‌ಗಳು. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಜೀವವನ್ನು ನಮ್ಮ ಪಾರ್ಕಿನಲ್ಲಿ ಬಿಟ್ಟರೆ ಕಾಗೆಗೋ ಹದ್ದಿಗೋ ಒಪ್ಪಿಸಿದಂತೆ. ಅದನ್ನು ಬಿಡುಗಡೆ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ.

ಹಾಗಾದರೆ ಯಾರಿಗೆ ಕೊಡುವುದು? ಕೆಂಗೇರಿ ಕಡೆ ಪೀಪಲ್ ಫಾರ್ ಎನಿಮಲ್ಸ್ ಸಂಸ್ಥೆಯ ಆಸ್ಪತ್ರೆ ಇದೆ. ಅದಿರುವುದು ಗಾಯಗೊಂಡ ಹದ್ದು, ಮಂಗ, ಹಾವುಗಳಂಥ ವನ್ಯಜೀವಿಗಳಿಗಾಗಿ. 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ಸಂಸ್ಥೆಗಳ ಮುಂದೆ ನಾಯಿ-ಬೆಕ್ಕುಗಳ ಸಾಲೇ ದೊಡ್ಡದು. ಅಂಗೈಯಷ್ಟಿರುವ ಈ ಜೀವಗಳಿಗೆ ನಮ್ಮ ಪರಿಚಯದವರಲ್ಲೇ ಮನೆ ಹುಡುಕಬೇಕಾಯಿತು.

ಮೊದಲು ಕೇಳಿ ಬಂದವರಿಗೆ ಕೊಟ್ಟುಬಿಡುವ ಆತುರ ನನಗೂ ಇತ್ತು. ಆದರೆ ಅವರ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ಇನ್ನೊಬ್ಬರು ನಾಲ್ಕು ವರ್ಷದ ಮಗುವಿಗೆ "ಆಟಕ್ಕೆ" ಬೇಕೆಂದರು. ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗಿ ರಾತ್ರಿ ಎದ್ದಿರುವ ಪ್ರಾಣಿ. ನಿದ್ದೆಯಲ್ಲಿದ್ದಾಗ ಹಿಡಿದೆಳೆದರೆ ಕಚ್ಚದೆ ಇನ್ನೇನು ಮಾಡೀತು? ಮಗು ಅಳುತ್ತದೆ, ಹ್ಯಾಮ್‌ಸ್ಟರ್ ಮತ್ತೆ ಬೀದಿಗೆ ಬೀಳುತ್ತದೆ. ಇಬ್ಬರಿಗೂ ಬೇಡವೆಂದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ಎಲ್ಲರನ್ನೂ ಕೇಳಿದೆ. ಅಚ್ಚರಿಯೆಂದರೆ, ಹೆಚ್ಚಿನವರು ಆ ಪ್ರಶ್ನೆಗೇ ಹಿಂದೆ ಸರಿದರು!

ಕೊನೆಗೆ ಬಸವೇಶ್ವರನಗರದಲ್ಲಿ ಒಂಟಿಯಾಗಿರುವ ನಿವೃತ್ತ ಶಿಕ್ಷಕಿಯೊಬ್ಬರು ಒಂದನ್ನು, ರಾಜಾಜಿನಗರದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಇನ್ನೊಂದನ್ನು ಒಯ್ದರು. "ಇದಕ್ಕೆ ವಯಸ್ಸಾಗಿದೆ. ಹ್ಯಾಮ್‌ಸ್ಟರ್‌ನ ಆಯುಷ್ಯವೇ ಎರಡು, ಹೆಚ್ಚೆಂದರೆ ಮೂರು ವರ್ಷ. ಸಾಕಲಾಗದಿದ್ದರೆ ನನಗೇ ಹಿಂದಿರುಗಿಸಿ" ಎಂದು ಹೇಳಿಯೇ ಕೊಟ್ಟೆ. ಶಿಕ್ಷಕಿಯ ಮನೆಯಲ್ಲಿದ್ದದ್ದು ಐದು ತಿಂಗಳಿಗೆ ತೀರಿಕೊಂಡಿತು. ಅವರು ಫೋನಿನಲ್ಲಿ ಅತ್ತದ್ದನ್ನು ಕೇಳಿದಾಗ ಸರಿಯಾದ ಕೈಗೇ ಸೇರಿತ್ತು ಎನಿಸಿತು.

ಜರ್ಬಿಲ್‌ಗಳ ಲೆಕ್ಕ ಬೇರೆ. ತುಪ್ಪುಳವಿರುವ ಉದ್ದ ಬಾಲದ ಇವು ಜೊತೆ ಬಯಸುವ ಪ್ರಾಣಿಗಳು. ಕೂಡಿ ಬೆಳೆದ ಜೋಡಿಯನ್ನು ಅಗಲಿಸದೆ ಒಂದೇ ಮನೆಗೆ ಕೊಡಬೇಕು. ಆದರೆ ಗಂಡು-ಹೆಣ್ಣನ್ನು ಒಟ್ಟಿಗೆ ಕೊಟ್ಟರೆ ತಿಂಗಳೊಳಗೆ ಮರಿಗಳಾಗಬಹುದು. ಹ್ಯಾಮ್‌ಸ್ಟರ್‌ಗಂತೂ ಗರ್ಭಧಾರಣೆಯಾದ ಹದಿನಾರು ದಿನಗಳೇ ಸಾಕು. ಗುರುತು ತಿಳಿಯದಿದ್ದರೆ ಪಶುವೈದ್ಯರಿಗೆ ತೋರಿಸುವುದೇ ಮೇಲು.

ಮೂರನೆಯದು, ಕಿವಿ ಹರಿದದ್ದು, ನಮ್ಮಲ್ಲೇ ಉಳಿಯಿತು. ನಮಾಝ್‌ನ ಕೋಣೆಗೆ ಪಂಜರ ಬರಬಾರದು, ಮುಟ್ಟಿದವರು ಕೈ ತೊಳೆಯಬೇಕು ಎಂಬುದು ಅತ್ತೆಯವರ ಷರತ್ತು. ಅವರು ತಹಜ್ಜುದ್‌ಗೆ ಏಳುವ ಹೊತ್ತಿಗೆ ಅದು ಚಕ್ರದಲ್ಲಿ ಓಡುತ್ತಿರುತ್ತದೆ. ಮೊನ್ನೆ ಬೆಳಿಗ್ಗೆ ಪಂಜರದಲ್ಲಿ ಸೌತೆಕಾಯಿಯ ತೆಳುವಾದ ಹೋಳೊಂದು ಕಂಡಿತು. ಹಾಕಿದ್ದು ನಾನಲ್ಲ, ಮಗನೂ ಅಲ್ಲ.