ಮತ್ತೆ ಸಮವಸ್ತ್ರ: ಕರಾರಿಗೆ ಸಹಿ ಹಾಕುವ ಮುನ್ನ

ಮೈಸೂರು: ಸೇನೆಯಿಂದ ನಿವೃತ್ತರಾಗುವ ಸಿಪಾಯಿಗಳ ವಯಸ್ಸು ಸಾಮಾನ್ಯವಾಗಿ ನಲವತ್ತರ ಆಸುಪಾಸು. ಹೂಟಗಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ನೆಲೆಸುವವರಿಗೆ ಮೊದಲು ತೋಚುವುದು ಕಾರ್ಖಾನೆಯ ಕಾವಲು ಕೆಲಸ. ಮತ್ತೆ ಸಮವಸ್ತ್ರ ತೊಡುವ ಇನ್ನೊಂದು ದಾರಿಯೂ ಉಂಟು. ಅದೇ ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್ (ಡಿಎಸ್‌ಸಿ).

1947ರಲ್ಲಿ ಸ್ಥಾಪಿತವಾದ ಈ ದಳದ ಕೇಂದ್ರ ಕೇರಳದ ಕಣ್ಣೂರಿನಲ್ಲಿದೆ. ಮಾಜಿ ಸೈನಿಕರನ್ನು ಮೊದಲು 10 ವರ್ಷಗಳ ಕರಾರಿನ ಮೇಲೆ ಸೇರಿಸಿಕೊಳ್ಳಲಾಗುತ್ತದೆ. ಬಳಿಕ 5 ವರ್ಷ ವಿಸ್ತರಿಸಬಹುದು.

ತೊಡಕಿರುವುದು ಇಲ್ಲಿಯೇ. ಹಳೆಯ ಪಿಂಚಣಿಯನ್ನು ಉಳಿಸಿಕೊಂಡು ಸೇರುವವರಿಗೆ ಎರಡನೇ ಪಿಂಚಣಿ ದೊರೆಯಲು ಡಿಎಸ್‌ಸಿಯಲ್ಲೇ 15 ವರ್ಷಗಳ ಅರ್ಹ ಸೇವೆ ಅಗತ್ಯ. ಮೊದಲ ಕರಾರು ಮುಗಿದ ಮಾತ್ರಕ್ಕೆ ಅದು ಲಭಿಸದು. ಕೆಲವೇ ತಿಂಗಳುಗಳ ಕೊರತೆಯಿಂದ ಪಿಂಚಣಿ ತಪ್ಪಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲೇರಿದವರು ಅನೇಕರು.

ಆದ್ದರಿಂದ ಸಹಿಗೆ ಮುನ್ನ ಮೂರು ಅಂಶಗಳನ್ನು ಪರಿಶೀಲಿಸಬೇಕು. ನಿವೃತ್ತಿ ವಯಸ್ಸಿನೊಳಗೆ 15 ವರ್ಷ ಪೂರ್ಣಗೊಳ್ಳುವುದೇ? ವಿಸ್ತರಣೆಗೆ ಯಾವ ಷರತ್ತುಗಳಿವೆ? ಹಿಂದಿನ ಸೇವೆಯನ್ನು ಸೇರಿಸಿಕೊಂಡರೆ ಈಗಿನ ಪಿಂಚಣಿಯ ಗತಿಯೇನು?

ಸಂದೇಹವಿದ್ದಲ್ಲಿ ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ವಿಸ್ತರಣೆಯು ಅವಕಾಶವೇ ಹೊರತು ಹಕ್ಕಲ್ಲ ಎಂಬುದನ್ನು ಮರೆಯುವಂತಿಲ್ಲ.