ಮಷೀನ್ ಬ್ಯಾಡ, ಮನ್ಯಾಗ ಮೆತ್ತನ್ನ ಐಸ್‌ಕ್ರೀಮ್

ಅರಕೇರಾದಾಗ ಮೇ ತಿಂಗಳು.
ಬಿಸಿಲು 40 ಡಿಗ್ರಿ ದಾಟ್ತದ.
ಮಷೀನ್ ಇಲ್ದ ಮನ್ಯಾಗ ಐಸ್‌ಕ್ರೀಮ್ ಆಗ್ತದೇನ್ರಿ?
ಆಗ್ತದ. ನೋಡ್ರಿ.

ಬರೇ ಹಾಲು ಫ್ರೀಜರ್‌ನಾಗ ಇಟ್ರ,
ಅದರಾಗಿನ ನೀರು ಹರಳುಗಟ್ಟಿ ಕಲ್ಲಾಗ್ತದ.
ಮಷೀನ್ ತಿರುಗಿ ತಿರುಗಿ ಹರಳು ಸಣ್ಣ ಮಾಡ್ತದ,
ಗಾಳಿ ತುಂಬ್ತದ.
ಆ ಗಾಳಿ ನಾವು ಮೊದಲೇ ತುಂಬೋಣ್ರಿ.

ವಿಪ್ಪಿಂಗ್ ಕ್ರೀಮ್, ಎರಡು ಕಪ್.
ಪೂರಾ ತಣ್ಣಗಿರಬೇಕು.
25% ಕೊಬ್ಬಿನ ಫ್ರೆಶ್ ಕ್ರೀಮ್ ಬ್ಯಾಡ್ರಿ,
ಅದು ಸರಿಯಾಗಿ ಉಬ್ಬಂಗಿಲ್ಲ.

ಬೀಟರ್ ಹಿಡಿದು ಬಡೀರಿ.
ನಮ್ಮ ದೇವದುರ್ಗದ ಹತ್ತಿ ಹಿಂಜಿದಂಗ ಉಬ್ಬಬೇಕು.
ಬೋಗುಣಿ ಡಬ್ಬ ಹಾಕಿದ್ರೂ ಕ್ರೀಮ್ ಬೀಳಬಾರದು.
ಅಲ್ಲಿಗೆ ನಿಲ್ಲಿಸ್ರಿ.
ಇನ್ನೂ ಬಡಿದ್ರ ಬೆಣ್ಣಿ ಆಗ್ತದ.

ಈಗ ಕಂಡೆನ್ಸ್ಡ್ ಮಿಲ್ಕ್, 400 ಗ್ರಾಂ.
ಅದರಾಗ ನೀರು ಕಡಿಮಿ, ಸಕ್ರಿ ಜಾಸ್ತಿ.
ಅದಕ್ಕ ಐಸ್‌ಕ್ರೀಮ್ ಕಲ್ಲಾಗಂಗಿಲ್ಲ.
ಸಾವಕಾಶ, ಕೆಳಗಿಂದ ಮ್ಯಾಲ ಮಗಚಿ ಕೂಡಿಸ್ರಿ.

ಮಾವಿನ ಹಣ್ಣು ಹಾಕ್ತೀರೇನು?
ರಸ ಕುದಿಸಿ, ಗಟ್ಟಿ ಮಾಡಿ,
ಆರಿಸಿ ಹಾಕ್ರಿ.

ಡಬ್ಬಿಗೆ ತುಂಬ್ರಿ, ಮುಚ್ಚಳ ಬಿಗೀರಿ.
ಎಂಟು ತಾಸು ಫ್ರೀಜರ್‌ನಾಗ ಇಡ್ರಿ.
ಕರೆಂಟ್ ಹೋದ್ರ ಬಾಗಿಲು ತೆಗೀಬ್ಯಾಡ್ರಿ.
ಒಮ್ಮೆ ಕರಗಿದ್ದನ್ನ ಮತ್ತ ಗಟ್ಟಿ ಮಾಡಬ್ಯಾಡ್ರಿ.

ಈ ಭಾನುವಾರ ಮಾಡಿ ನೋಡ್ರಿ.
ಹೆಂಗಾತು ಅಂತ ಕಾಮೆಂಟ್‌ನಾಗ ತಿಳಿಸ್ರಿ.